ನಾಯಿಗಳ ಆಶ್ರಯಕ್ಕೆ ವಂತಿಗೆ

ಬೀದಿನಾಯಿಗಳಿಗೆ ಆಶ್ರಯಧಾಮಗಳನ್ನು ಕಟ್ಟಿಸುವುದಕ್ಕೂ, ಸಾಕುನಾಯಿಗಳು ಓಡಿಯಾಡುವುದಕ್ಕೆ ಪ್ರತ್ಯೇಕವಾದ ಉದ್ಯಾನಗಳನ್ನು ಏರ್ಪಡಿಸುವುದಕ್ಕೂ ಮಹಾಜನರಿಂದ ಹಣವನ್ನು ಕೂಡಿಸುವ ಉತ್ಸಾಹವು ನಮ್ಮ ದೊಡ್ಡ ಪಟ್ಟಣಗಳಲ್ಲಿ ಹೆಚ್ಚುತ್ತಲಿದೆ. ಬಡಾವಣೆಯ ಸಂಘದವರು ವಂತಿಗೆಯ ಪಟ್ಟಿಯನ್ನು ಹಿಡಿದು ಮನೆಬಾಗಿಲಿಗೆ ಬರುವುದುಂಟು. ಓಟದ ಪಂದ್ಯಗಳನ್ನೂ ಸಂಗೀತ ಕಚೇರಿಗಳನ್ನೂ ನಡೆಯಿಸಿ ಟಿಕೀಟಿನ ಹಣವನ್ನು ಇದಕ್ಕಾಗಿ ಮೀಸಲಿಡುವುದುಂಟು. ಈಗಂತೂ ಕೈಯೊಳಗಿನ ಫೋನಿನ ಮೇಲೆ ಬೆರಳಿಟ್ಟರೆ ಸಾಕು, ಹಣವು ಖಜಾಂಚಿಗಳ ಲೆಕ್ಕಕ್ಕೆ ಹೋಗಿ ಸೇರುತ್ತದೆ. ಮಾತು ಬಾರದ ಪ್ರಾಣಿಗಾಗಿ ಮನುಷ್ಯನು ತನ್ನ ಗಂಟಿನಿಂದ ಹಣ ಬಿಚ್ಚುವುದು ಒಳ್ಳೆಯದೇ. ಅದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಪಟ್ಟಿಗೆ ರುಜು ಹಾಕುವ ಮೊದಲು ವಾಚಕರು ಒಂದು ಪ್ರಶ್ನೆಯನ್ನು ಕೇಳಬೇಕೆಂದು ನಾವು ಸೂಚಿಸುತ್ತೇವೆ. ಈ ಹಣವು ಕಟ್ಟಡಕ್ಕೋ, ಕಟ್ಟಡದೊಳಗೆ ನಾಳೆಯೂ ನಾಡಿದ್ದೂ ಹಸಿದುಕೊಳ್ಳುವ ಪ್ರಾಣಿಗೋ?

ಈ ಪ್ರಶ್ನೆಗೆ ಇಂದು ವಿಶೇಷವಾದ ತೂಕ ಬಂದಿರುವುದು ಸರ್ವೋಚ್ಚ ನ್ಯಾಯಾಲಯದ ಆಜ್ಞೆಗಳಿಂದ. ಪತ್ರಿಕೆಯೊಂದರಲ್ಲಿ ಬಂದ ವರದಿಯ ಮೇಲೆ ತಾನಾಗಿಯೇ ವಿಚಾರಣೆಗೆ ತೊಡಗಿದ ಆ ನ್ಯಾಯಾಲಯವು ೨೦೨೫ನೆಯ ಆಗಸ್ಟ್ ೧೧ರಂದು, ದೆಹಲಿ ಮತ್ತು ಸುತ್ತಣ ಪಟ್ಟಣಗಳ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಗಳಲ್ಲಿ ಇಡತಕ್ಕದ್ದೆಂದು ಅಪ್ಪಣೆ ಮಾಡಿತು. ಹನ್ನೊಂದು ದಿನಗಳ ಮೇಲೆ, ಅಂದರೆ ೨೨ರಂದು, ಮೂವರು ನ್ಯಾಯಮೂರ್ತಿಗಳ ಪೀಠವು ಅದನ್ನು ಮಾರ್ಪಡಿಸಿತು. ಸಂತಾನಹರಣದ ಶಸ್ತ್ರಕ್ರಿಯೆಯನ್ನೂ ಲಸಿಕೆಯನ್ನೂ ಮಾಡಿಸಿ ನಾಯಿಗಳನ್ನು ಹಿಡಿದ ಸ್ಥಳದಲ್ಲಿಯೇ ಬಿಡಬೇಕು. ಹುಚ್ಚು ಹಿಡಿದವನ್ನೂ ಮೇಲೆ ಬೀಳುವ ಸ್ವಭಾವದವನ್ನೂ ಮಾತ್ರ ಬಿಡಕೂಡದು. ಅನ್ನ ಹಾಕುವುದಕ್ಕೆ ವಾರ್ಡುಗಳಲ್ಲಿ ಗೊತ್ತಾದ ಜಾಗಗಳಿರಬೇಕು ಎಂದು ವಿಧಿಸಿತು. ನ್ಯಾಯಾಲಯದ ಮೆಟ್ಟಿಲನ್ನೇರಿದ್ದ ಪ್ರಾಣಿಪ್ರಿಯರು ತಲೆಗೆ ೨೫,೦೦೦ ರೂಪಾಯಿಗಳನ್ನೂ, ಸಂಸ್ಥೆಗಳು ತಲಾ ೨ ಲಕ್ಷ ರೂಪಾಯಿಗಳನ್ನೂ ಕಟ್ಟತಕ್ಕದ್ದೆಂದೂ, ಆ ಹಣವನ್ನು ನಾಯಿಗಳ ಅನುಕೂಲಕ್ಕಾಗಿಯೇ ಖರ್ಚು ಮಾಡತಕ್ಕದ್ದೆಂದೂ ಅದೇ ಆಜ್ಞೆಯಲ್ಲಿತ್ತು. ದಯೆಯನ್ನು ವಾದಿಸುವವನು ಅದರ ವೆಚ್ಚದಲ್ಲಿ ಪಾಲುಗಾರನಾಗಲಿ ಎಂಬ ಭಾವ ಇದರಲ್ಲಿ ಕಾಣುತ್ತದೆ. ಬಡವನಾದ ಪ್ರಾಣಿಪ್ರಿಯನು ಏನು ಮಾಡಬೇಕೆಂಬುದು ಬೇರೆ ಮಾತು. ಬಳಿಕ ನವೆಂಬರ್ ೭ರಂದು, ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣಗಳಿಂದ ನಾಯಿಗಳನ್ನು ತೆಗೆದು ಆಶ್ರಯಗಳಿಗೆ ಸಾಗಿಸಬೇಕೆಂದೂ, ಅವನ್ನು ಮರಳಿ ಅಲ್ಲಿಯೇ ಬಿಡಕೂಡದೆಂದೂ ದೇಶಕ್ಕೆಲ್ಲ ಅನ್ವಯಿಸುವಂತೆ ಆಜ್ಞೆಯಾಯಿತು. ಅಲ್ಲಿಯವರೆಗೆ ದಯಾವಂತರ ಇಷ್ಟಕ್ಕೆ ಬಿಟ್ಟಿದ್ದ ಆಶ್ರಯವು ಹೀಗೆ ನಗರಾಡಳಿತದ ಕರ್ತವ್ಯವಾಗಿ ಮಾರ್ಪಟ್ಟಿತು.

ಕರ್ತವ್ಯದ ಬೆಲೆಯೆಷ್ಟು? ೨೦೨೫ನೆಯ ಜುಲೈಯಲ್ಲಿ, ಅಂದಿನ್ನೂ ಇದ್ದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಕೆಲವು ಸಾವಿರ ಬೀದಿನಾಯಿಗಳಿಗೆ ಕೋಳಿಮಾಂಸ ಬೆರೆಸಿದ ಅನ್ನವನ್ನು ಹಾಕಿಸುವುದಕ್ಕೆ ವರ್ಷಕ್ಕೆ ೨ ಕೋಟಿ ೮೮ ಲಕ್ಷ ರೂಪಾಯಿಗಳ ಗುತ್ತಿಗೆಯನ್ನು ಕರೆದಾಗ ಊರೆಲ್ಲ ನಕ್ಕಿತು, ಕೆಲವರು ಕೋಪಿಸಿಕೊಂಡರು. ಅದರಲ್ಲಿ ನಾಯಿಯೊಂದಕ್ಕೆ ದಿನಕ್ಕೆ ಕಟ್ಟಿದ ದರವು ೨೨ ರೂಪಾಯಿ ೪೨ ಪೈಸೆ. ನಗುವನ್ನು ಬಿಟ್ಟು ಗುಣಾಕಾರವನ್ನು ಮಾಡಿ ನೋಡೋಣ. ಒಂದು ನಾಯಿಗೆ ವರ್ಷಕ್ಕೆ ೮,೧೮೩ ರೂಪಾಯಿ; ನೂರು ನಾಯಿಗಳ ಸಣ್ಣದೊಂದು ಆಶ್ರಯಕ್ಕೆ ೮ ಲಕ್ಷ ೧೮ ಸಾವಿರ. ಇದು ಹೊಟ್ಟೆಯ ಲೆಕ್ಕ ಮಾತ್ರ. ಪಶುವೈದ್ಯರು, ಅವರ ಸಹಾಯಕರು, ದಿನವೂ ಎರಡು ಹೊತ್ತು ಗೂಡುಗಳನ್ನು ತೊಳೆಯುವ ಆಳುಗಳು, ನೀರು, ಔಷಧ, ರಾತ್ರಿಯ ಕಾವಲು ಇವೊಂದೂ ಅದರೊಳಗೆ ಬಂದಿಲ್ಲ. ಹೊಸದಾಗಿ ಬಂದ ನಾಯಿಯನ್ನು ಕೆಲವು ದಿನ ಬೇರೆ ಇರಿಸದೆ ಹಿಂಡಿನೊಳಗೆ ನೂಕಿದರೆ ಡಿಸ್ಟೆಂಪರ್, ಪಾರ್ವೋ ಮೊದಲಾದ ರೋಗಗಳು ಇಡೀ ಆಶ್ರಯವನ್ನು ಬರಿದು ಮಾಡಬಲ್ಲವು. ಆದುದರಿಂದ ಪ್ರತ್ಯೇಕ ಕೋಣೆಗಳೂ ಬೇಕು. ಬೇರೆ ಬೇರೆ ಬೀದಿಗಳ ನಾಯಿಗಳು ಒಂದೇ ಅಂಗಳದಲ್ಲಿ ಸುಮ್ಮನಿರುವವೆಂದು ತಿಳಿಯುವವರು ಒಂದು ರಾತ್ರಿ ತಮ್ಮ ಬೀದಿಯ ಮೂಲೆಯಲ್ಲಿ ನಿಂತು ಕೇಳಿದರೆ ಸಾಕು.

೨೦೨೩ರ ಎಣಿಕೆಯಂತೆ ಬೆಂಗಳೂರಿನ ಬೀದಿನಾಯಿಗಳು ೨ ಲಕ್ಷ ೭೯ ಸಾವಿರ. ಅಷ್ಟನ್ನೂ ಆಶ್ರಯದಲ್ಲಿಟ್ಟು ಮೇಲಿನ ದರದಲ್ಲಿ ಅನ್ನ ಹಾಕುವುದಾದರೆ ವರ್ಷಕ್ಕೆ ೨೨೮ ಕೋಟಿ ರೂಪಾಯಿ ಬೇಕಾದೀತು. ಯಾವ ವಂತಿಗೆಯ ಪಟ್ಟಿಯೂ ಅಲ್ಲಿಗೆ ಮುಟ್ಟಲಾರದು. ಎಲ್ಲ ನಾಯಿಗಳನ್ನೂ ಒಳಗೆ ಹಾಕಿರಿ ಎಂದು ಸಭೆಗಳಲ್ಲಿ ಗುಡುಗುವವರೂ, ಒಂದನ್ನೂ ಮುಟ್ಟಬೇಡಿರಿ ಎಂದು ಕಣ್ಣೀರು ಸುರಿಸುವವರೂ ಈ ಅಂಕಿಯನ್ನು ಒಮ್ಮೆ ಓದುವುದು ಒಳ್ಳೆಯದು. ಎಣಿಕೆಯು ೨೦೧೯ರಲ್ಲಿ ೩ ಲಕ್ಷ ೧೦ ಸಾವಿರದಷ್ಟಿದ್ದುದು ನಾಲ್ಕು ವರ್ಷಗಳಲ್ಲಿ ಕೆಳಗಿಳಿಯಿತು. ಶಸ್ತ್ರಕ್ರಿಯೆಯಾದ ನಾಯಿಗಳ ಪ್ರಮಾಣವು ಅದೇ ಅವಧಿಯಲ್ಲಿ ನೂರಕ್ಕೆ ಐವತ್ತರಷ್ಟಿದ್ದುದು ಎಪ್ಪತ್ತನ್ನು ದಾಟಿತು. ಊರಿನ ನಾಯಿಗಳಲ್ಲಿ ನೂರಕ್ಕೆ ೭೦ಕ್ಕೆ ಲಸಿಕೆಯಾದರೆ ಹುಚ್ಚುನಾಯಿ ರೋಗದ ಸರಪಳಿಯು ಕಡಿಯುವುದೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ. ಪ್ರಪಂಚದಲ್ಲಿ ಈ ರೋಗದಿಂದ ಸಾಯುವವರ ಪೈಕಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಜನರು ನಮ್ಮ ದೇಶದವರೆಂದೂ, ಅವರಲ್ಲಿ ಮಕ್ಕಳು ಬಹಳವೆಂದೂ ಅದೇ ಸಂಸ್ಥೆಯ ಅಂದಾಜು. ಬೆಳಗಿನ ಜಾವದಲ್ಲಿ ಹಾಲನ್ನೂ ಪತ್ರಿಕೆಯನ್ನೂ ಹಂಚುವ ಹುಡುಗರು, ಗುಡಿಸಲಿನ ಮುಂದೆ ಆಡುವ ಕೂಸುಗಳು, ಪೊರಕೆ ಹಿಡಿದು ಬೀದಿಗಿಳಿಯುವ ಪೌರಕಾರ್ಮಿಕರು ಕಚ್ಚಿಸಿಕೊಳ್ಳುತ್ತಾರೆ. ಕಾರಿನಲ್ಲಿ ಹೋಗುವವರನ್ನು ನಾಯಿಯು ಅಟ್ಟಿಸಿಕೊಂಡು ಹೋಗಬಹುದೇ ಹೊರತು ಕಚ್ಚಲಾರದು. ಆದುದರಿಂದ ಕೂಡಿದ ಹಣದಲ್ಲಿ ಮೊದಲ ಪಾಲು ಲಸಿಕೆಗೂ ಶಸ್ತ್ರಕ್ರಿಯೆಗೂ ಹೋಗತಕ್ಕದ್ದು. ಗಾಯಗೊಂಡವು, ಮುದಿಯಾದವು, ಕಚ್ಚುವ ಚಾಳಿಯವು, ಶಾಲೆ ಆಸ್ಪತ್ರೆಗಳಿಂದ ತಂದವು, ಇವಕ್ಕೆ ಆಶ್ರಯವು ಬೇಕು. ಉಳಿದವಕ್ಕೆ ಆಶ್ರಯವನ್ನು ಕಟ್ಟಲು ಹೊರಡುವುದು ಸಮುದ್ರಕ್ಕೆ ಕಟ್ಟೆ ಹಾಕುವ ಕೆಲಸ.

ಇಂತಹ ಕಾರ್ಯವು ನಮ್ಮ ದೇಶಕ್ಕೆ ಹೊಸದಲ್ಲ. ಬೊಂಬಾಯಿಯಲ್ಲಿ ಕಂಪೆನಿ ಸರ್ಕಾರದವರು ಬೇಸಗೆಯ ದಿನಗಳಲ್ಲಿ ಬೀದಿನಾಯಿಗಳನ್ನು ಕೊಲ್ಲಿಸುತ್ತಿದ್ದರು. ಕೊಂದವನಿಗೆ ನಾಯಿಯೊಂದಕ್ಕೆ ಎಂಟಾಣೆ ಸಿಗುತ್ತಿತ್ತು. ೧೮೩೨ರಲ್ಲಿ ಆ ಅವಧಿಯನ್ನು ಇನ್ನಷ್ಟು ದಿನಗಳವರೆಗೆ ವಿಸ್ತರಿಸಿದಾಗ ಜೂನ್ ತಿಂಗಳಲ್ಲಿ ಪಾರಸಿಗಳು ರೇಗಿ ಬೀದಿಗಿಳಿದರು. ಹಿಂದೂ ಜೈನ ವರ್ತಕರೂ ಸೇರಿ ಅಂಗಡಿಗಳು ಮುಚ್ಚಿದವು, ಪೇಟೆ ನಿಂತಿತು, ಸರ್ಕಾರದವರು ಸೈನ್ಯವನ್ನು ಕರೆಯಿಸಬೇಕಾಯಿತು. ಗಲಭೆಯು ಎರಡು ದಿನಗಳಲ್ಲಿ ಅಡಗಿತು. ಅಷ್ಟಕ್ಕೇ ಆಗಿದ್ದರೆ ಇಂದು ಅದನ್ನು ನೆನೆಯಬೇಕಾದ ಕಾರಣವಿರಲಿಲ್ಲ. ಎರಡು ವರ್ಷಗಳ ಬಳಿಕ, ೧೮೩೪ರಲ್ಲಿ, ಜಮಶೇಟಜಿ ಜೀಜೀಭಾಯಿಯವರೇ ಮೊದಲಾದ ವರ್ತಕರು ಭುಲೇಶ್ವರದಲ್ಲಿ ಪಾಂಜ್ರಾಪೋಲನ್ನು ಸ್ಥಾಪಿಸಿ ಬೀದಿನಾಯಿಗಳಿಗೂ ದುಡಿಮೆ ಮುಗಿದ ದನಕರುಗಳಿಗೂ ನೆಲೆ ಕೊಟ್ಟರು. ಅದಕ್ಕೆ ಅವರು ಒಂದು ದಿನದ ವಂತಿಗೆಯನ್ನು ನಂಬಲಿಲ್ಲ. ತಾವು ಕೊಂಡು ಮಾರುವ ಸರಕಿನ ಮೇಲೆ ತಾವೇ ಒಂದಿಷ್ಟು ಲಾಗನ್ನು ಹಾಕಿಕೊಂಡರು. ವ್ಯಾಪಾರ ನಡೆದಷ್ಟು ಕಾಲವೂ ಹುಲ್ಲು ಧಾನ್ಯಗಳಿಗೆ ಹಣ ಬರುವಂತಾಯಿತು. ಸಿಟ್ಟು ಎರಡು ದಿನದ್ದು, ಲಾಗು ತಲೆಮಾರುಗಳದ್ದು. ಆ ಸಂಸ್ಥೆಯು ಇಂದಿಗೂ ಭುಲೇಶ್ವರದ ಇಕ್ಕಟ್ಟಿನ ನಡುವೆ ಉಳಿದಿರುವುದಕ್ಕೆ ಕಾರಣವನ್ನು ಹುಡುಕಬೇಕಾದದ್ದು ವರ್ತಕರ ಈ ಜಾಣ್ಮೆಯಲ್ಲಿ.

ಇನ್ನೊಂದು ಪ್ರಸಂಗವು ೧೯೨೬ರದು. ಅಹಮದಾಬಾದಿನ ಗಿರಣಿಯ ಮಾಲೀಕರಾದ ಅಂಬಾಲಾಲ್ ಸಾರಾಭಾಯಿಯವರು ತಮ್ಮ ಗಿರಣಿಯ ಆವರಣದಲ್ಲಿ ಅಲೆಯುತ್ತಿದ್ದ ಸುಮಾರು ಅರುವತ್ತು ನಾಯಿಗಳನ್ನು ಕೊಲ್ಲಿಸಿ, ಮನಸ್ಸು ತಡೆಯದೆ ಗಾಂಧೀಜಿಯವರಲ್ಲಿಗೆ ಬಂದರು. ಅನ್ಯೋಪಾಯವಿರಲಿಲ್ಲವೆಂದು ಗಾಂಧೀಜಿಯವರು ಹೇಳಿದುದೇ ತಡ, ಅಹಿಂಸಾವಾದಿಗಳ ಕಾಗದಗಳು ಅವರ ಮೇಲೆ ಮಳೆಗರೆದವು. ‘ಯಂಗ್ ಇಂಡಿಯಾ’ದಲ್ಲಿ ಅವರು ಕಂತುಕಂತಾಗಿ ಉತ್ತರ ಬರೆದರು. ಆ ಉತ್ತರದ ಸಾರವಿಷ್ಟು: ಒಡೆಯನಿಲ್ಲದ ನಾಯಿಯು ಬೀದಿಯಲ್ಲಿ ಅಲೆಯುವುದು ಸಮಾಜದ ದಯೆಗೆ ಗುರುತಲ್ಲ, ಸಮಾಜದ ಅಜ್ಞಾನ ಆಲಸ್ಯಗಳಿಗೆ ಗುರುತು, ಅದಕ್ಕೊಂದು ತುತ್ತು ಎಸೆದು ಮುಂದೆ ಹೋಗುವುದು ಪುಣ್ಯವಲ್ಲ, ಸಾಕುವುದಾದರೆ ಪೂರ್ತಿಯಾಗಿ ಸಾಕಬೇಕು, ಇಲ್ಲವೆ ಪಾಂಜ್ರಾಪೋಲಿನಲ್ಲಿ ಪೋಷಿಸಬೇಕು. ಇವೆರಡೂ ಆಗದಿದ್ದರೆ ಕೊಲ್ಲುವುದು ತಪ್ಪದೆಂಬ ಅವರ ಕಡೆಯ ಮಾತನ್ನು ಇಂದು ಒಪ್ಪಬೇಕಾಗಿಲ್ಲ. ಸಂತಾನಹರಣದ ಉಪಾಯವು ಆಗ ಬಳಕೆಯಲ್ಲಿರಲಿಲ್ಲ. ಈಗ ೨೦೨೩ರ ಪ್ರಾಣಿಜನನ ನಿಯಂತ್ರಣ ನಿಯಮಗಳು ಅದನ್ನೇ ದಾರಿಯೆಂದು ವಿಧಿಸಿವೆ. ಆದರೆ ತುತ್ತು ಎಸೆದು ಹೋಗುವ ದಯೆಯನ್ನು ಕುರಿತು ಅವರು ಹೇಳಿದ ಮಾತು, ತುತ್ತಿನ ಬದಲು ನೋಟನ್ನು ಎಸೆದು ಹೋಗುವ ನಮಗೂ ತಗಲುವಂಥದೇ ಆಗಿದೆ. ಇಂತಹ ಸಭೆಗಳಲ್ಲಿ ಧರ್ಮರಾಯನನ್ನು ಉದಾಹರಿಸದ ಉಪನ್ಯಾಸಕರಿಲ್ಲ. ಧರ್ಮರಾಯನು ತನ್ನೊಡನೆ ಬಂದ ಒಂದು ನಾಯಿಯನ್ನು ಸ್ವರ್ಗದ ಬಾಗಿಲವರೆಗೂ ತಾನೇ ಕರೆದುಕೊಂಡು ಹೋದನು. ದಾರಿಯಲ್ಲಿ ಯಾವ ಸಂಘಕ್ಕೂ ಒಪ್ಪಿಸಲಿಲ್ಲವೆಂಬುದನ್ನೂ ಉಪನ್ಯಾಸಕರು ಸೇರಿಸಿ ಹೇಳಬೇಕು.

ಇನ್ನು ನಾಯಿಗಳ ಉದ್ಯಾನದ ವಿಷಯ. ಹೈದರಾಬಾದಿನ ಕೊಂಡಾಪುರದಲ್ಲಿ ಅಲ್ಲಿನ ನಗರಸಭೆಯವರು ೨೦೧೮ರಲ್ಲಿ ೧.೩ ಎಕರೆಯ ಜಾಗದಲ್ಲಿ ೧ ಕೋಟಿ ೧೦ ಲಕ್ಷ ರೂಪಾಯಿಗಳ ವೆಚ್ಚದಿಂದ ಇಂತಹ ಉದ್ಯಾನವನ್ನು ತೆರೆದರು. ನಮ್ಮ ಕಬ್ಬನ್ ಉದ್ಯಾನದಲ್ಲಿ ಭಾನುವಾರಗಳಂದು ನಾಯಿಗಳ ಒಡೆಯರು ಕೂಡುವುದನ್ನು ಎಲ್ಲರೂ ಬಲ್ಲರು. ೨೦೨೨ರಲ್ಲಿ ನಾಯಿಗಳನ್ನು ಅಲ್ಲಿಗೆ ತರಕೂಡದೆಂಬ ಆಲೋಚನೆ ಹೊರಟು, ಒಡೆಯರ ಕೂಗಿನಿಂದ ಅದು ನಿಂತಿತು. ಹುಲ್ಲಿನ ಮೇಲೆ ಮಗುವನ್ನು ಆಡಲು ಬಿಡುವವರಿಗೂ ನಾಯಿಯನ್ನು ಬಿಡುವವರಿಗೂ ಜಾಗವು ಬೇರೆಯಾದರೆ ಜಗಳವು ತಪ್ಪುವುದು. ಉದ್ಯಾನಕ್ಕೆ ನಮ್ಮ ವಿರೋಧವಿಲ್ಲ. ಆದರೆ ಅದು ಒಡೆಯನುಳ್ಳ ನಾಯಿಯ ವಿಲಾಸ. ಆಶ್ರಯವು ಒಡೆಯನಿಲ್ಲದ ನಾಯಿಯ ಪ್ರಾಣ. ಎರಡನ್ನೂ ಒಂದೇ ಪೆಟ್ಟಿಗೆಯೊಳಗೆ ಹಾಕಿ ಹಣ ಕೂಡಿಸಿದರೆ, ಮೊದಲು ಮುಗಿಯುವ ಕೆಲಸವು ಯಾವುದೆಂದು ಊಹಿಸುವುದು ಕಷ್ಟವಲ್ಲ. ಉದ್ಯಾನಕ್ಕೆ ಬೇಲಿ, ಹುಲ್ಲು, ಫಲಕ ಬೇಕು. ಫಲಕದ ಮೇಲೆ ದಾನಿಗಳ ಹೆಸರು ಬರುತ್ತದೆ. ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ. ಆಶ್ರಯದ ಗೂಡನ್ನು ತೊಳೆಯುವ ಆಳಿನ ಆರನೆಯ ತಿಂಗಳ ಸಂಬಳಕ್ಕೆ ಯಾರ ಹೆಸರನ್ನೂ ಕಲ್ಲಿನ ಮೇಲೆ ಕೆತ್ತುವುದಿಲ್ಲ.

ಇವೆರಡಕ್ಕೂ ನಂಟಿಲ್ಲವೆಂದೂ ಅಲ್ಲ. ಆಶ್ರಯಗಳ ಬಾಗಿಲಿಗೆ ಬಂದು ಬೀಳುವವು ಬೀದಿಯ ನಾಯಿಗಳು ಮಾತ್ರವಲ್ಲ. ಸಾವಿರಾರು ರೂಪಾಯಿ ಕೊಟ್ಟು ತಂದ ಜಾತಿನಾಯಿಯು ಮುದಿಯಾದಾಗ, ಅಥವಾ ಒಡೆಯನಿಗೆ ವರ್ಗವಾದಾಗ, ಅಥವಾ ಹೊಸ ಮನೆಯ ಮಾಲೀಕನು ಒಪ್ಪದಿದ್ದಾಗ, ರಾತ್ರಿಯ ವೇಳೆ ಗೇಟಿಗೆ ಕಟ್ಟಿ ಹೋಗುವ ಸಂಪ್ರದಾಯವೊಂದು ನಮ್ಮಲ್ಲಿ ಬೆಳೆದಿದೆ. ಇಂದು ಉದ್ಯಾನದಲ್ಲಿ ಚೆಂಡಿನ ಹಿಂದೆ ಓಡುವ ನಾಯಿಗೆ ನಾಳೆ ಆಶ್ರಯವೇ ಗತಿಯಾಗಬಹುದು. ಆದಕಾರಣ ಉದ್ಯಾನಕ್ಕೆ ಬರುವ ಪ್ರತಿಯೊಬ್ಬ ಒಡೆಯನಿಂದ ಲಸಿಕೆಯ ಪತ್ರವನ್ನೂ, ವರ್ಷಕ್ಕೊಮ್ಮೆ ಶುಲ್ಕವನ್ನೂ ಪಡೆದು, ಉದ್ಯಾನದ ಪಾಲನೆಗೆ ತಗಲಿದುದನ್ನು ಕಳೆದು ಮಿಕ್ಕುದನ್ನೆಲ್ಲ ಆಶ್ರಯಕ್ಕೆ ಸಲ್ಲಿಸುವ ಏರ್ಪಾಡಾಗಬೇಕು. ಬೊಂಬಾಯಿಯ ವರ್ತಕರ ಲಾಗಿಗೆ ಇದು ಇಂದಿನ ರೂಪವಾದೀತು. ಇಷ್ಟು ಕೊಡಲಾರೆನೆಂಬವನಿಗೆ ನಾಯಿಯನ್ನು ಸಾಕುವ ಶಕ್ತಿಯಿದೆಯೆಂದು ನಾವು ನಂಬುವುದಿಲ್ಲ.

ದಯಾಸಂಘಗಳನ್ನು ಕುರಿತು ಒಂದು ಮಾತು. ಚೆನ್ನೈಯ ಬ್ಲೂ ಕ್ರಾಸ್ ೧೯೫೯ರಿಂದಲೂ, ಕ್ರಿಸ್ಟಲ್ ರಾಜರ್ಸ್ ಎಂಬ ಮಹಿಳೆಯು ಬೆಂಗಳೂರಿನಲ್ಲಿ ಆರಂಭಿಸಿದ ಕ್ಯೂಪಾ ೧೯೯೧ರಿಂದಲೂ ನಡೆದು ಬಂದಿವೆ. ನಗರಸಭೆಗಳು ಕೈಕಟ್ಟಿ ಕುಳಿತಿದ್ದಾಗ ಗಾಯಗೊಂಡ ಪ್ರಾಣಿಯನ್ನು ಎತ್ತಿಕೊಂಡವರು ಇಂಥವರೇ. ಆದರೆ ಅವರ ಒಳ್ಳೆಯತನವು ಅಧಿಕಾರಿಗಳಿಗೆ ತಲೆದಿಂಬಾಗಕೂಡದು. ಬೆಂಗಳೂರನ್ನು ೨೦೨೫ರ ಸೆಪ್ಟೆಂಬರಿನಿಂದ ಐದು ನಗರಪಾಲಿಕೆಗಳಾಗಿ ಹಂಚಲಾಗಿದೆ. ಆಶ್ರಯಕ್ಕೆ ನೆಲ, ನೀರು, ವೈದ್ಯರ ಸಂಬಳ ಇವು ಆ ಐದೂ ಪಾಲಿಕೆಗಳ ಆಯವ್ಯಯದಲ್ಲಿ ಪ್ರತ್ಯೇಕವಾದ ಬಾಬಾಗಿ ಕಾಣಬೇಕು. ಮಹಾಜನರ ವಂತಿಗೆಯು ಅದರ ಮೇಲಿನ ತುಪ್ಪವಾಗಲಿ, ಅನ್ನವಾಗುವುದು ಬೇಡ. ತೆರಿಗೆಯನ್ನು ಒಂದು ಕೈಯಿಂದ ಪಡೆದು, ಅದೇ ಕೆಲಸಕ್ಕೆ ವಂತಿಗೆಯನ್ನೂ ಎತ್ತಿರಿ ಎಂದು ಸಂಘಗಳಿಗೆ ಇನ್ನೊಂದು ಕೈಯಿಂದ ದಾರಿ ತೋರಿಸುವುದು ಆಡಳಿತವಲ್ಲ.

ವಂತಿಗೆಯನ್ನು ಎತ್ತುವವರಿಗೂ ಒಂದು ನಿಬಂಧನೆ ಅವಶ್ಯ. ದಾನ ಕೊಟ್ಟ ಆಕಳ ಹಲ್ಲನ್ನು ಎಣಿಸಬಾರದೆಂದು ಗಾದೆಯುಂಟು. ಸಾರ್ವಜನಿಕ ಹಣದ ವಿಷಯದಲ್ಲಿ ಹಲ್ಲನ್ನು ಎಣಿಸಿಯೇ ತೀರಬೇಕು. ತಿಂಗಳು ತಿಂಗಳು ಬಂದ ಹಣವೆಷ್ಟು, ಒಳಗಿರುವ ನಾಯಿಗಳೆಷ್ಟು, ಸತ್ತವೆಷ್ಟು, ಸಾಕಲು ಮನೆಗಳಿಗೆ ಕೊಟ್ಟವೆಷ್ಟು, ಲಸಿಕೆ ಹಾಕಿದವೆಷ್ಟು ಎಂಬುದನ್ನು ಆಶ್ರಯದ ಬಾಗಿಲಲ್ಲಿಯೇ ಕನ್ನಡದಲ್ಲಿ ಬರೆದು ತೂಗುಹಾಕಲಿ. ಸತ್ತವುಗಳ ಸಂಖ್ಯೆಯನ್ನು ಬಚ್ಚಿಡುವ ಆಶ್ರಯಕ್ಕೆ ಯಾರೂ ಕಾಸು ಕೊಡಬೇಕಾಗಿಲ್ಲ. ಹತ್ತು ಸಾವಿರವನ್ನು ಒಂದೇ ಸಲ ಕೊಟ್ಟು ಮರೆಯುವ ಒಬ್ಬ ದಾನಿಗಿಂತ, ತಿಂಗಳಿಗೆ ೬೮೨ ರೂಪಾಯಿಗಳನ್ನು, ಎಂದರೆ ಪಾಲಿಕೆಯ ದರದಂತೆ ಒಂದು ನಾಯಿಯ ತಿಂಗಳ ಅನ್ನವನ್ನು, ತಪ್ಪದೆ ಕಟ್ಟುವ ಗುಮಾಸ್ತನು ಆಶ್ರಯಕ್ಕೆ ಹೆಚ್ಚು ಬೇಕಾದವನು. ಅಂತಹ ನೂರು ಮಂದಿ ಒಂದು ಬಡಾವಣೆಯಲ್ಲಿ ದೊರೆಯುವವರೆಗೆ ಅಲ್ಲಿ ಅಡಿಗಲ್ಲನ್ನು ಇಡಬೇಡಿರೆಂದು ನಮ್ಮ ಸಲಹೆ.