ಬೆಂಬಲ ಮುಗಿಯುವ ದಿನ ಮೊದಲೇ ಗೊತ್ತಿರುತ್ತದೆ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ ನೀಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. ಇದು ದಿಢೀರನೆ ಬಂದೆರಗಿದ ದಿನವಲ್ಲ. 2015ರಲ್ಲಿ ಆ ತಂತ್ರಾಂಶ ಬಿಡುಗಡೆಯಾದಾಗಲೇ ಅದರ ಕೊನೆಯ ವರ್ಷವೂ ಪ್ರಕಟವಾಗಿತ್ತು. ಹತ್ತು ವರ್ಷಗಳ ಮುನ್ಸೂಚನೆ! ಮುಂಗಾರು ಕೂಡ ನಮಗೆ ಇಷ್ಟು ಮೊದಲೇ ಹೇಳಿ ಬರುವುದಿಲ್ಲ. ಆದರೂ ಶಾಲೆಗೋ ಸಂಘದ ಕಚೇರಿಗೋ ಗಣಕಯಂತ್ರ ಕೊಳ್ಳುವಾಗ ನಾವು ಬೆಲೆ ವಿಚಾರಿಸುತ್ತೇವೆ, ಗ್ಯಾರಂಟಿ ವಿಚಾರಿಸುತ್ತೇವೆ. ಇದರೊಳಗಿನ ತಂತ್ರಾಂಶಕ್ಕೆ ಎಂದಿನವರೆಗೆ ಬೆಂಬಲವಿದೆ ಎಂದು ಕೇಳುವವರು ವಿರಳ.

ಬೆಂಬಲ ನಿಂತಿತೆಂದರೆ ಯಂತ್ರ ನಿಂತಿತೆಂದಲ್ಲ. ಮರುದಿನವೂ ಅದು ಎಂದಿನಂತೆ ಕೆಲಸ ಮಾಡುತ್ತದೆ. ನಿಲ್ಲುವುದು ತೇಪೆಯ ಕೆಲಸ. ತಂತ್ರಾಂಶದಲ್ಲಿ ಹೊಸ ಬಿರುಕುಗಳು ಪತ್ತೆಯಾಗುತ್ತಲೇ ಇರುತ್ತವೆ; ಅವಧಿಯಿರುವವರೆಗೆ ತಯಾರಕರು ಅವನ್ನು ಮುಚ್ಚಿಕೊಡುತ್ತಾರೆ. ಆಮೇಲೆ ಅದು ಕಾಡಂಚಿನಲ್ಲಿ ಬೇಲಿ ಮುರಿದ ಹೊಲ. ಆನೆ ಇಂದೇ ಬರುತ್ತದೆಂದಲ್ಲ, ಬಂದರೆ ತಡೆಯುವುದೇನೂ ಇಲ್ಲ.

ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿದರೆ ಸಿಗುವ ವಯನಾಡಿನಲ್ಲಿ ಹೀಗೊಂದು ದಾಳಿ ನಡೆದೇ ಇದೆ. 2017ರ ಮೇ ತಿಂಗಳಲ್ಲಿ ‘ವಾನ್ನಾಕ್ರೈ’ ಎಂಬ ಸುಲಿಗೆಯ ತಂತ್ರಾಂಶ ಜಗತ್ತಿನಾದ್ಯಂತ ಹರಡಿದಾಗ ಅಲ್ಲಿಯ ತರಿಯೋಡ್ ಗ್ರಾಮ ಪಂಚಾಯಿತಿ ಕಚೇರಿಯ ಗಣಕಯಂತ್ರಗಳೂ ಅದಕ್ಕೆ ತುತ್ತಾದವು. ಕಡತಗಳಿಗೆ ಬೀಗ ಬಿದ್ದು, ತೆರೆಯಬೇಕಾದರೆ ಹಣ ಕೊಡಿ ಎಂಬ ಬೇಡಿಕೆ ಪರದೆಯ ಮೇಲೆ ಮೂಡಿತು. ಆ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚಿಯಲ್ಲೇ ತೇಪೆ ಹೊರಡಿಸಿತ್ತು. 2014ರ ಏಪ್ರಿಲ್ 8ರಂದೇ ಬೆಂಬಲ ಕಳೆದುಕೊಂಡಿದ್ದ ವಿಂಡೋಸ್ ಎಕ್ಸ್‌ಪಿಗೆ ಮಾತ್ರ ಅದು ಸಾರ್ವಜನಿಕವಾಗಿ ದೊರೆತದ್ದು ದಾಳಿಯ ನಂತರ. ನಮ್ಮ ಯಂತ್ರಕ್ಕೆ ಅಂತರಜಾಲವೇ ಇಲ್ಲವಲ್ಲ ಎನ್ನುವವರಿದ್ದಾರೆ. ಪೇಟೆಯ ಜೆರಾಕ್ಸ್ ಅಂಗಡಿಗೆ ಹೋಗಿಬರುವ ಪೆನ್‌ಡ್ರೈವ್ ಇದೆಯಲ್ಲ!

ಹಾಗೆಂದು ಹಳೆಯದನ್ನೆಲ್ಲ ಗುಜರಿಗೆ ಹಾಕಿ ಹೊಸದು ಕೊಳ್ಳಿರೆಂಬ ಮಾರಾಟಗಾರರ ಉಪದೇಶವನ್ನು ಒಪ್ಪಲಾಗದು. ವಿಂಡೋಸ್ 11 ಕೇಳುವ ಭದ್ರತಾ ಚಿಪ್ಪು, ಹೊಸ ಪೀಳಿಗೆಯ ಸಂಸ್ಕಾರಕ ಇಲ್ಲವೆಂಬ ಕಾರಣಕ್ಕೆ ಸುಸ್ಥಿತಿಯಲ್ಲಿರುವ ಅಸಂಖ್ಯ ಯಂತ್ರಗಳು ಅನರ್ಹವಾಗಿವೆ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯ ಉತ್ಪತ್ತಿಯಾಯಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದು ಶೇ. 22.3 ಮಾತ್ರವೆಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಆ ರಾಶಿಗೆ ನಮ್ಮ ಬೆಟ್ಟದ ಶಾಲೆಗಳ ಪಾಲು ಸೇರಬೇಕಾಗಿಲ್ಲ.

ಕೇರಳದ ಸರ್ಕಾರಿ ಶಾಲೆಗಳು ಬೇರೆ ಹಾದಿ ಹಿಡಿದು ಬಹು ವರ್ಷಗಳಾದವು. ಅಲ್ಲಿಯ ‘ಕೈಟ್’ ಸಂಸ್ಥೆಯು ಉಬುಂಟು ಎಂಬ ಮುಕ್ತ ತಂತ್ರಾಂಶವನ್ನು ಆಧರಿಸಿ ಶಾಲೆಗಳಿಗೆಂದೇ ಒಂದು ವ್ಯವಸ್ಥೆ ರೂಪಿಸಿಕೊಡುತ್ತದೆ. ಪರವಾನಗಿ ಶುಲ್ಕವಿಲ್ಲ. ಇಂಥ ಮುಕ್ತ ವ್ಯವಸ್ಥೆಗಳಲ್ಲಿ ಹಳೆಯ ಯಂತ್ರಗಳಿಗೆ ಹೊಂದುವ ಹಗುರವಾದವೂ ಇವೆ. ಉಚಿತವೆಂದ ಮಾತ್ರಕ್ಕೆ ಚಿರಾಯುವಲ್ಲ. ಉಬುಂಟುವಿನ ದೀರ್ಘಾವಧಿ ಆವೃತ್ತಿಗೂ ಸಾಮಾನ್ಯ ಬೆಂಬಲ ಐದೇ ವರ್ಷ, 2024ರಲ್ಲಿ ಬಂದದ್ದಕ್ಕೆ 2029ರವರೆಗೆ. ಕೆಲವು ಮುದ್ರಣಯಂತ್ರಗಳು, ಲೆಕ್ಕಪತ್ರದ ತಂತ್ರಾಂಶಗಳು ಅದರಲ್ಲಿ ಓಡದಿರಲೂಬಹುದು. ಆದ್ದರಿಂದ ಒಂದು ಯಂತ್ರದಲ್ಲಿ ಮೊದಲು ಪರೀಕ್ಷಿಸಿ, ಉಳಿದವನ್ನು ಬೇಸಿಗೆ ರಜೆಯಲ್ಲಿ ಬದಲಿಸುವುದು ಲೇಸು. ಬೆಟ್ಟದ ಮೇಲೆ ಅಂತರಜಾಲ ಕುಂಟುವುದರಿಂದ ಚಾಮರಾಜನಗರದಲ್ಲೇ ಒಮ್ಮೆ ಇಳಿಸಿಕೊಂಡು ತಂದರೆ ಅದೇ ಪ್ರತಿಯನ್ನು ಎಲ್ಲ ಯಂತ್ರಗಳಿಗೂ ಹಾಕಬಹುದು. ಶಾಲೆಯ ದಾಸ್ತಾನು ಪುಸ್ತಕದಲ್ಲಿ ಖರೀದಿಯ ದಿನಾಂಕದ ಪಕ್ಕದಲ್ಲೇ ಬೆಂಬಲ ಮುಗಿಯುವ ದಿನಾಂಕವನ್ನೂ ಬರೆದಿಡಲು ಎಸ್‌ಡಿಎಂಸಿಯವರಿಗೆ ಖರ್ಚೇನೂ ಇಲ್ಲ.

ಯಂತ್ರಕ್ಕಿಂತ ಬೆಲೆಯುಳ್ಳದ್ದು ಅದರೊಳಗಿನ ದಾಖಲೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳು ಸಮುದಾಯ ಅರಣ್ಯ ಹಕ್ಕುಪತ್ರ ಪಡೆದದ್ದು ಸುಲಭದಲ್ಲಲ್ಲ. ಅಂಥ ನಡಾವಳಿ, ನಕ್ಷೆ, ಅರ್ಜಿಗಳ ಪ್ರತಿಗಳು ಒಂದೇ ಹಳೆಯ ಯಂತ್ರದಲ್ಲಿ ಉಳಿದರೆ ಗತಿಯೇನು? ಬದಲಾವಣೆಗೆ ಮೊದಲೇ ಎರಡು ಕಡೆ ನಕಲು ಇಡಬೇಕು. ‘ನುಡಿ’ಯ ಹಳೆಯ ಅಕ್ಷರಶೈಲಿಯಲ್ಲಿ ಟೈಪಿಸಿದ ಕಡತಗಳು ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ, ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಈ ಕೆಲಸಕ್ಕೆ ಕಾಲೇಜು ವಿದ್ಯಾರ್ಥಿಗಳು ಒಂದು ವಾರ ಕುಳಿತರೂ ಸಾಕಷ್ಟು ಮುಗಿಯುತ್ತದೆ.

ಇನ್ನು ನಗರದ ಕಂಪನಿಗಳು ನಮ್ಮ ಶಾಲೆಗಳಿಗೆ ಬಳಸಿದ ಗಣಕಯಂತ್ರಗಳನ್ನು ದಾನ ಕೊಡಲು ಮುಂದೆ ಬಂದಾಗ, ಕೃತಜ್ಞತೆಯ ಪತ್ರಕ್ಕಿಂತ ಮೊದಲು ಬೆಂಬಲದ ದಿನಾಂಕ ಕೇಳುವ ಪತ್ರ ಹೋಗಲಿ. ಅವಧಿ ಮುಗಿದ ತಂತ್ರಾಂಶವಿದ್ದರೆ, ಬದಲಿಸಿಯೇ ಬೆಟ್ಟ ಹತ್ತಿಸಿರೆಂದು ಅದರಲ್ಲೇ ಬರೆಯಬಹುದು.