ಕಾರು ಶೆಡ್ಡಿನಲ್ಲಿ ವಿಮಾನ!

ಮನೆ ಶೆಡ್ಡಿನಲ್ಲಿ ಒಬ್ಬ ವಿಮಾನ ಕಟ್ಟುತ್ತಿದ್ದಾನೆ ಅಂದರೆ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಏನಂತಾರೆ? ‘ಪಾಪ, ತಲೆ ಕೆಟ್ಟಿರಬೇಕು’ ಅಂತಾರೆ. ಪಕ್ಕದ ಮನೆಯವರು ಠಾಣೆಗೂ ಸುದ್ದಿ ಮುಟ್ಟಿಸಿಯಾರು. ಅಮೆರಿಕದಲ್ಲಿ ಮಾತ್ರ ಇದು ಹುಚ್ಚೂ ಅಲ್ಲ, ಅಪರಾಧವೂ ಅಲ್ಲ. ಅಲ್ಲಿ ಎಷ್ಟೋ ಜನ ಸಂಜೆ ಕೆಲಸ ಮುಗಿಸಿ ಬಂದು, ಕಾರನ್ನು ಬೀದಿಯಲ್ಲಿ ನಿಲ್ಲಿಸಿ, ಕಾರು ಶೆಡ್ಡಿನಲ್ಲಿ ವಿಮಾನದ ರೆಕ್ಕೆಗೆ ರಿವೆಟ್ ಹೊಡೆಯುತ್ತಾರೆ.

1953ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಪಾಲ್ ಪೊಬೆರೆಜ್ನಿ ಎಂಬಾತ ಇಂಥವರ ಸಂಘ ಕಟ್ಟಿದ. 1973ರಲ್ಲಿ ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ ಎಂಬಾತ ಶುರು ಮಾಡಿದ ವ್ಯಾನ್ಸ್ ಕಂಪನಿ ವಿಮಾನದ ಕಿಟ್ ಮಾರುತ್ತದೆ. ಅದರ ಕಿಟ್‌ಗಳಿಂದ ಕಟ್ಟಿ ಹಾರಿಸಿದ ವಿಮಾನಗಳೇ 11 ಸಾವಿರ ದಾಟಿವೆ. ಮೊದಲು ಬಾಲ, ಆಮೇಲೆ ರೆಕ್ಕೆ, ಆಮೇಲೆ ಒಡಲು ಎಂದು ಕಂತಿನ ಮೇಲೆ ತರಿಸಿಕೊಳ್ಳಬಹುದು. ಅಲ್ಯುಮಿನಿಯಂ ತಗಡಿಗೆ ಕಾರ್ಖಾನೆಯಲ್ಲೇ ತೂತು ಹೊಡೆದಿರುತ್ತಾರೆ. ಜೋಡಿಸಿ, ಸಾವಿರಾರು ರಿವೆಟ್ ಹೊಡೆಯುವುದು ಕೊಂಡವನ ಕೆಲಸ. ಸಂಜೆ ಮತ್ತು ಭಾನುವಾರ ಮಾತ್ರ ದುಡಿದರೆ ವರ್ಷಗಳೇ ಹಿಡಿಯುತ್ತವೆ. ಅರ್ಧಕ್ಕೇ ಸುಸ್ತಾಗಿ ಬಂದ ಬೆಲೆಗೆ ಮಾರಿಬಿಟ್ಟವರೂ ಬೇಕಾದಷ್ಟಿದ್ದಾರೆ.

ದುಡ್ಡಿದ್ದವರ ಆಟ, ನಮಗೇಕೆ ಎಂದೀರಿ. ಆಟ ದುಬಾರಿಯೇ, ಒಪ್ಪಿದೆವು. ನಾವು ಹೇಳಹೊರಟಿದ್ದು ಆಟದ ಮಾತಲ್ಲ, ಕಾನೂನಿನ ಮಾತು.

ಅಲ್ಲಿನ ಕಾನೂನು ಸರಳ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ, ಕಲಿಕೆಗೋ ಖುಷಿಗೋ ಮಾಡಿರಬೇಕು. ಅದಕ್ಕೆ ಲೆಕ್ಕದ ಪುಸ್ತಕ, ಫೋಟೋ ಇಟ್ಟಿರಬೇಕು. ಇನ್‌ಸ್ಪೆಕ್ಟರ್ ಬಂದು ನೋಡುತ್ತಾನೆ. ಪಾಸಾದರೂ ಮೊದಲಿಗೆ ಗೊತ್ತುಮಾಡಿದ ಜಾಗದಲ್ಲೇ ಪರೀಕ್ಷೆಯ ಹಾರಾಟ ಮುಗಿಸಬೇಕು. ಸಾಮಾನ್ಯವಾಗಿ 25 ಇಲ್ಲವೇ 40 ಗಂಟೆ. ವಿಮಾನದ ಮೇಲೆ ‘ಪ್ರಾಯೋಗಿಕ’ ಎಂದು ಬರೆಸಬೇಕು. ಬಾಡಿಗೆಗೆ ಜನ ಕೂರಿಸುವಂತಿಲ್ಲ.

ಇಷ್ಟು ಬಿಗಿ ಯಾಕೆ? 1997ರ ಅಕ್ಟೋಬರ್ 12ರಂದು ಹೆಸರಾಂತ ಗಾಯಕ ಜಾನ್ ಡೆನ್ವರ್ ಕ್ಯಾಲಿಫೋರ್ನಿಯಾದ ಸಮುದ್ರಕ್ಕೆ ಬಿದ್ದು ಸತ್ತ. ಅವನು ಹಾರಿಸುತ್ತಿದ್ದದ್ದು ಬೇರೊಬ್ಬರು ಮನೆಯಲ್ಲಿ ಕಟ್ಟಿದ ‘ಲಾಂಗ್ ಈಝಿ’ ವಿಮಾನ. ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಇಂಧನ ತಿರುಗಿಸುವ ಹಿಡಿ, ನಕ್ಷೆಯ ಪ್ರಕಾರ ಕಾಲುಗಳ ನಡುವೆ ಇರಬೇಕಿತ್ತು. ಕಟ್ಟಿದವರು ಅದನ್ನು ಚಾಲಕನ ಎಡಭುಜದ ಹಿಂದೆ ಇಟ್ಟಿದ್ದರು. ಅದರ ಮೇಲೆ ಗುರುತೂ ಇರಲಿಲ್ಲ. ಡೆನ್ವರ್‌ಗೆ ಆ ವಿಮಾನದ ಪಳಗುವಿಕೆಯೂ ಸಾಲದಾಗಿತ್ತು ಎಂದು ತನಿಖೆ ಹೇಳಿತು. ಹಿಡಿಯ ಜಾಗ ಬದಲಾಯಿಸಿದ್ದಕ್ಕೆ ಒಂದು ಜೀವ ಹೋಯಿತು. ಆದರೂ ಆ ದೇಶ ಶೆಡ್ಡುಗಳಿಗೆ ಬೀಗ ಜಡಿಯಲಿಲ್ಲ. ತಪ್ಪು ಎಲ್ಲಾಯಿತು ಎಂದು ಬರೆದು ಊರಿಗೆಲ್ಲ ಹೇಳಿತು.

ಇದೇ ಲಾಂಗ್ ಈಝಿ ಮಾದರಿ ಹಿಡಿದು ನಮ್ಮ ಬೆಂಗಳೂರಿನ ಎನ್.ಎ.ಎಲ್.ನವರು 1980ರ ದಶಕದಲ್ಲಿ ಸಂಶೋಧನೆಗೆಂದು ಒಂದು ಪುಟ್ಟ ವಿಮಾನ ಕಟ್ಟಿ ಹಾರಿಸಿದ್ದರು. ಸರ್ಕಾರಿ ಸಂಸ್ಥೆಗೆ ಅದು ಸಾಧ್ಯವಾಯಿತು. ಖಾಸಗಿ ಮನುಷ್ಯನ ಪಾಡೇನು?

ಮುಂಬೈನ ಪೈಲಟ್ ಕ್ಯಾಪ್ಟನ್ ಅಮೋಲ್ ಯಾದವ್ ತಮ್ಮ ಮನೆಯ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿದರು. 2016ರ ‘ಮೇಕ್ ಇನ್ ಇಂಡಿಯಾ’ ಮೇಳದಲ್ಲಿ ಅದನ್ನು ನಿಲ್ಲಿಸಿದಾಗ ದೊಡ್ಡವರೆಲ್ಲ ಬೆನ್ನು ತಟ್ಟಿದರು. ಆದರೆ ನೋಂದಣಿ ಸಿಕ್ಕಿದ್ದು 2017ಕ್ಕೆ, ಹಾರಲು ಪರವಾನಗಿ ಸಿಕ್ಕಿದ್ದು 2019ಕ್ಕೆ! ಇತ್ತ ಕೇರಳದಿಂದ ಇಂಗ್ಲೆಂಡಿಗೆ ಹೋಗಿ ನೆಲೆಸಿದ ಎಂಜಿನಿಯರ್ ಒಬ್ಬರು ಕೊರೊನಾ ಕಾಲದಲ್ಲಿ ದಕ್ಷಿಣ ಆಫ್ರಿಕಾದಿಂದ ನಾಲ್ಕು ಸೀಟಿನ ಕಿಟ್ ತರಿಸಿ ಮನೆಯಲ್ಲೇ ಜೋಡಿಸಿದರು. 2022ರಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಯೂರೋಪು ಸುತ್ತಿಬಂದರು. ಇಬ್ಬರೂ ನಮ್ಮವರೇ. ಒಬ್ಬರಿಗೆ ದಾರಿ ಸಿದ್ಧವಾಗಿತ್ತು, ಇನ್ನೊಬ್ಬರು ದಾರಿಯನ್ನೂ ತಾವೇ ಕಡಿದುಕೊಳ್ಳಬೇಕಾಯಿತು.

ತಪಾಸಣೆ ಬೇಡ ಎಂದು ನಾವು ಹೇಳುತ್ತಿಲ್ಲ. ತಕ್ಕಡಿಗೆ ಸೀಲು ಹಾಕಿಸುವ ಅಂಗಡಿಯವರಿಗೆ, ಎಫ್.ಸಿ. ಇಲ್ಲದ ಬಸ್ಸಿನ ಭಯ ಗೊತ್ತಿರುವ ಪ್ರಯಾಣಿಕರಿಗೆ ಸೀಲಿನ ಬೆಲೆ ಗೊತ್ತು. ನಮ್ಮ ತಲೆಯ ಮೇಲೆ ಹಾರುವ ವಸ್ತುವಿಗೆ ಎರಡು ಪಟ್ಟು ಬಿಗಿ ಇರಲಿ. ಕಷ್ಟ ಇರುವುದು ‘ಆಗೋಲ್ಲ’ ಅನ್ನುವುದರಲ್ಲಿ ಅಲ್ಲ ಸ್ವಾಮಿ, ‘ಆಗುತ್ತೆ’ ಅಂತಲೂ ಹೇಳದೆ ‘ಆಗೋಲ್ಲ’ ಅಂತಲೂ ಹೇಳದೆ ಮೇಜಿನಿಂದ ಮೇಜಿಗೆ ಓಡಾಡುವ ಕಡತದಲ್ಲಿ. ಲೈಸೆನ್ಸಿಗೆ ಅರ್ಜಿ ಹಾಕಿ ‘ನಾಳೆ ಬನ್ನಿ’ ಕೇಳಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1934ರ ವಿಮಾನ ಕಾಯ್ದೆ ಹೋಗಿ, 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಹೆಸರು ಬದಲಾದರೆ ಸಾಲದು. ಮನೆಯಲ್ಲಿ ಕಟ್ಟಿದ ವಿಮಾನವನ್ನು ಯಾರು ನೋಡಬೇಕು, ಏನೇನು ನೋಡಬೇಕು, ಎಷ್ಟು ದಿನದಲ್ಲಿ ಉತ್ತರ ಕೊಡಬೇಕು ಎಂಬುದನ್ನು ಒಂದೇ ಹಾಳೆಯಲ್ಲಿ, ಲೇತ್ ಮುಂದೆ ನಿಂತ ಹುಡುಗನಿಗೂ ತಿಳಿಯುವ ಮಾತಿನಲ್ಲಿ ಬರೆದು ಹಚ್ಚಲಿ. ವಿಮಾನ ಸರಿಯಿಲ್ಲದಿದ್ದರೆ ಕಾರಣ ಬರೆದು ತಿರಸ್ಕರಿಸಲಿ. ಕಾರಣ ಗೊತ್ತಾದರೆ ತಿದ್ದಿಕೊಳ್ಳುವ ಕೈ ನಮ್ಮಲ್ಲಿ ಬೇಕಾದಷ್ಟಿವೆ.