ಟೈಲ್ಸ್ ಕೆಳಗಿನ ಕೆಲಸಕ್ಕೆ ಹೊಣೆ ಯಾರು?

ವೈಟ್‌ಫೀಲ್ಡ್, ಮಾರತ್ತಹಳ್ಳಿ, ಎಲೆಕ್ಟ್ರಾನಿಕ್ ಸಿಟಿ ಕಡೆಯ ಅಪಾರ್ಟ್‌ಮೆಂಟ್‌ಗಳಲ್ಲಿ ಈಗ ಬಚ್ಚಲುಮನೆ ಒಡೆಸುವ ಕಾಲ. ಐಟಿ ಕಂಪನಿಗಳ ಬೆನ್ನಿಗೆ 2005ರಿಂದ 2010ರ ಆಸುಪಾಸಿನಲ್ಲಿ ಎದ್ದ ಕಟ್ಟಡಗಳಿಗೆ ಹದಿನೈದು–ಇಪ್ಪತ್ತು ವರ್ಷ ತುಂಬಿದೆ. ಬಿಲ್ಡರ್ ಮಾಡಿಸಿದ್ದ ವಾಟರ್‌ಪ್ರೂಫಿಂಗ್ ಕೈಕೊಟ್ಟಿದೆ. ಕೊಳವೆಬಾವಿಯ ಗಡಸು ನೀರಿಗೆ ನಲ್ಲಿಗಳು ಬೆಳ್ಳಗಾಗಿವೆ. ಕೆಳಗಿನ ಮನೆಯವರು ತಮ್ಮ ಚಾವಣಿಯ ಹಳದಿ ಕಲೆಯ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ಅದರ ಕೆಳಗೇ ಇನ್ನೊಬ್ಬರ ಪ್ರಶ್ನೆ: ಒಳ್ಳೆಯ ಇಂಟೀರಿಯರ್ ಡಿಸೈನರ್ ಯಾರಾದರೂ ಗೊತ್ತಾ?

ಡಿಸೈನರ್ ಬರುತ್ತಾರೆ, ಅಳತೆ ಹಿಡಿಯುತ್ತಾರೆ, ವಾರದೊಳಗೆ ತ್ರೀಡಿ ಚಿತ್ರ ಕಳಿಸುತ್ತಾರೆ. ಗೋಡೆಗೆ ನಾಲ್ಕಡಿ–ಎರಡಡಿಯ ಮಾರ್ಬಲ್ ಮಾದರಿಯ ಟೈಲ್ಸ್, ಕಪ್ಪು ಮ್ಯಾಟ್ ನಲ್ಲಿ, ಗಾಜಿನ ಪಾರ್ಟಿಷನ್, ಕನ್ನಡಿಯ ಹಿಂದೆ ಎಲ್‌ಇಡಿ. ಮನೆಯವರು ಒಪ್ಪಿ ಅಡ್ವಾನ್ಸ್ ಕೊಡುತ್ತಾರೆ. ನೆಲದ ಇಳಿಜಾರು ಎಷ್ಟು, ನೀರು ಹೊರಹೋಗುವ ಟ್ರಾಪ್ ಯಾವ ಮೂಲೆಯಲ್ಲಿ, ಟೈಲ್ಸ್ ಕೆಳಗೆ ಏನು ಬಳಿಯುತ್ತಾರೆ, ಗೋಡೆಯ ಮೇಲೆ ಎಷ್ಟು ಎತ್ತರದವರೆಗೆ ಬಳಿಯುತ್ತಾರೆ ಎಂಬುದು ಆ ಚಿತ್ರದಲ್ಲಿ ಇರುವುದಿಲ್ಲ. ಹೆಚ್ಚಿನ ಕೊಟೇಶನ್‌ಗಳಲ್ಲಿ ‘ವಾಟರ್‌ಪ್ರೂಫಿಂಗ್’ ಅಂದರೆ ಒಂದೇ ಸಾಲು. ಬಚ್ಚಲು ನಿಲ್ಲುವುದೂ ಸೋರುವುದೂ ಆ ಒಂದು ಸಾಲಿನ ಮೇಲೆ.

ಬೆಂಗಳೂರಿನ ಬಹುಪಾಲು ಹಳೆಯ ಅಪಾರ್ಟ್‌ಮೆಂಟ್‌ಗಳಲ್ಲಿ ಬಚ್ಚಲಿನ ಸ್ಲ್ಯಾಬ್ ಉಳಿದ ಕೋಣೆಗಳಿಗಿಂತ ಸುಮಾರು ಒಂದಡಿ ತಗ್ಗಿನಲ್ಲಿರುತ್ತದೆ. ಮೇಸ್ತ್ರಿಗಳ ಬಾಯಲ್ಲಿ ಅದು ಸಂಕನ್ ಸ್ಲ್ಯಾಬ್. ಆ ಗುಂಡಿಯಲ್ಲಿ ಪೈಪು ಓಡಿಸಿ, ಇಟ್ಟಿಗೆ ಚೂರು ತುಂಬಿ, ಮೇಲೆ ಕಾಂಕ್ರೀಟು ಹಾಕಿ ಟೈಲ್ಸ್ ಕೂರಿಸಿರುತ್ತಾರೆ. ಟೈಲ್ಸ್ ಸಂದಿಯ ಗ್ರೌಟ್ ಸವೆದ ಮೇಲೆ ನೀರು ಹನಿಹನಿಯಾಗಿ ಗುಂಡಿಗೆ ಇಳಿದು ವರ್ಷಗಟ್ಟಲೆ ಅಲ್ಲೇ ನಿಲ್ಲುತ್ತದೆ. ಹಳೆಯ ನೆಲ ಅಗೆದಾಗ ಮೂಗು ಮುಚ್ಚಿಕೊಳ್ಳುವ ವಾಸನೆ, ಕಪ್ಪಾಗಿ ಜಿನುಗುವ ಇಟ್ಟಿಗೆ ಚೂರು. ಸ್ಲ್ಯಾಬಿನ ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಇಲ್ಲಿಂದಲೇ.

ಇದಕ್ಕೆ ಹಳೆಯದೊಂದು ಪರೀಕ್ಷೆ ಇದೆ, ಖರ್ಚೂ ಇಲ್ಲ. ವಾಟರ್‌ಪ್ರೂಫಿಂಗ್ ಒಣಗಿದ ಮೇಲೆ, ಟೈಲ್ಸ್ ಹಾಕುವ ಮುಂಚೆ, ಟ್ರಾಪಿನ ಬಾಯಿಗೆ ಬಟ್ಟೆ ತುರುಕಿ, ಬಾಗಿಲಿಗೆ ಗಾರೆಯ ಸಣ್ಣ ಕಟ್ಟೆ ಕಟ್ಟಿ, ಎರಡು ಅಂಗುಲ ನೀರು ನಿಲ್ಲಿಸಬೇಕು. ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ. ಎರಡು ದಿನ ಬಿಟ್ಟು ಗೆರೆ ನೋಡಬೇಕು, ಕೆಳಗಿನ ಮನೆಗೆ ಹೋಗಿ ಚಾವಣಿ ಮುಟ್ಟಿ ನೋಡಬೇಕು. ಹಬ್ಬದೊಳಗೆ ಮುಗಿಸಿಕೊಡಿ ಎಂದು ಮನೆಯವರು ಅವಸರ ಮಾಡಿದಾಗ ಮೊದಲು ಹಾರಿಹೋಗುವುದು ಈ ಎರಡು ದಿನ.

ಹಾಗಾದರೆ ಹೊಣೆ ಯಾರದು? ಹೊಸ ಮನೆಯಾದರೆ ಉತ್ತರ ಸುಲಭ. 2016ರ ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಾಣಿಸಿಕೊಂಡ ಕಾಮಗಾರಿಯ ದೋಷವನ್ನು ಬಿಲ್ಡರ್ ಹಣ ಕೇಳದೆ ಸರಿಪಡಿಸಬೇಕು. ಹಳೆಯ ಮನೆಯ ನವೀಕರಣಕ್ಕೆ ಅಂಥ ಆಸರೆ ಇಲ್ಲ. ಆರ್ಕಿಟೆಕ್ಟ್ ಎಂದು ಹೇಳಿಕೊಳ್ಳಲು 1972ರ ಕಾಯ್ದೆಯಡಿ ನೋಂದಣಿ ಬೇಕು. ಇಂಟೀರಿಯರ್ ಡಿಸೈನರ್ ಎಂಬ ಬೋರ್ಡಿಗೆ ಯಾವ ನೋಂದಣಿಯೂ ಬೇಡ. ಈ ವೃತ್ತಿಯವರ ಸಂಘ, ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಇಂಟೀರಿಯರ್ ಡಿಸೈನರ್ಸ್, ಅದೇ 1972ರಲ್ಲಿ ಹುಟ್ಟಿದರೂ ಅದರ ಸದಸ್ಯತ್ವ ಇಷ್ಟವಿದ್ದವರಿಗೆ ಮಾತ್ರ. ಲಿವ್‌ಸ್ಪೇಸ್, ಹೋಮ್‌ಲೇನ್‌ನಂಥ ಕಂಪನಿಗಳು 2014ರಲ್ಲಿ ಇದೇ ಬೆಂಗಳೂರಿನಲ್ಲಿ ಶುರುವಾಗಿ ಮನೆಯ ಒಳಾಂಗಣವನ್ನು ದೊಡ್ಡ ಉದ್ಯಮವನ್ನಾಗಿ ಮಾಡಿವೆ. ಉದ್ಯಮ ಬೆಳೆದಷ್ಟು ವೇಗದಲ್ಲಿ ನಿಯಮ ಬೆಳೆದಿಲ್ಲ.

ನೀರಿನ ಲೆಕ್ಕಕ್ಕೆ ಬರೋಣ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ ಎತ್ತರಕ್ಕೆ ಏರಿಸಿ ತರುವ ಯೋಜನೆ ಅದು. ಅದೇ ವರ್ಷದ ಮಾರ್ಚಿನಲ್ಲಿ ನಗರದ ಈ ಅಂಚಿನ ಬಡಾವಣೆಗಳು ಟ್ಯಾಂಕರ್‌ಗೆ ಕಾದು ಕುಳಿತಿದ್ದವು. 12,000 ಲೀಟರಿನ ಟ್ಯಾಂಕರ್‌ಗೆ ಐದು ಕಿ.ಮೀ. ಒಳಗೆ 1,000 ರೂಪಾಯಿ ಎಂದು ಜಿಲ್ಲಾಡಳಿತ ದರ ಕಟ್ಟಬೇಕಾಯಿತು. ಜಲಮಂಡಳಿ ಅಪಾರ್ಟ್‌ಮೆಂಟ್, ಹೋಟೆಲ್, ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಹರಿವು ತಗ್ಗಿಸುವ ಏರೇಟರ್ ಕಡ್ಡಾಯ ಮಾಡಿತು.

ಇಂಥ ಊರಿನಲ್ಲಿ ನಿಮಿಷಕ್ಕೆ 15 ಲೀಟರ್ ಸುರಿಸುವ ರೇನ್ ಶವರ್ ಕೂರಿಸಿದರೆ, ಎಂಟು ನಿಮಿಷದ ಸ್ನಾನಕ್ಕೆ 120 ಲೀಟರ್. ನಗರವಾಸಿಯೊಬ್ಬರ ಇಡೀ ದಿನದ ಬಳಕೆಗೆ ಕೇಂದ್ರದ ಮಾನದಂಡ 135 ಲೀಟರ್. ಅದೇ ಸ್ನಾನವನ್ನು ಎರಡು ಬಕೆಟ್‌ನಲ್ಲಿ ಮುಗಿಸುವವರಿಗೆ 40 ಲೀಟರ್ ಸಾಕು. ಶವರ್ ಬೇಡವೆಂದಲ್ಲ, ನೀರಿನ ಹರಿವು ಎಷ್ಟೆಂದು ಡಬ್ಬಿಯ ಮೇಲೆ ಓದಿ, ಕಡಿಮೆ ಹರಿವಿನದನ್ನು ಆರಿಸುವುದೂ ಡಿಸೈನರ್ ಕೆಲಸವೇ. ಹಳೆಯ ಫ್ಲಶ್ ಟ್ಯಾಂಕ್ ಒಂದು ಸಲಕ್ಕೆ ಹತ್ತು ಲೀಟರ್ ಮೇಲೆ ನುಂಗುತ್ತಿತ್ತು. ಈಗಿನ ಎರಡು ಗುಂಡಿಯದು ಮೂರು ಅಥವಾ ಆರು ಲೀಟರಿನಲ್ಲಿ ಕೆಲಸ ಮುಗಿಸುತ್ತದೆ. ಕೊಳವೆಬಾವಿ ನೀರಿರುವ ಕಡೆ ಆ ಕಪ್ಪು ಮ್ಯಾಟ್ ನಲ್ಲಿಯ ಮೇಲೆ ತಿಂಗಳೊಳಗೆ ಬಿಳಿ ಉಪ್ಪಿನ ಗೆರೆ ಮೂಡುತ್ತದೆ, ಶವರಿನ ತೂತುಗಳು ಕಟ್ಟಿಕೊಳ್ಳುತ್ತವೆ. ಇದನ್ನು ಆರ್ಡರ್ ಕೊಡುವ ಮೊದಲೇ ಹೇಳುವ ಡಿಸೈನರ್‌ಗೆ ಕೊಟ್ಟ ಫೀಸು ದಂಡವಲ್ಲ.

ಪೀಣ್ಯದ ಕಡೆ ಹೋದರೆ ಚಿತ್ರ ಬೇರೆ. ಗಾರ್ಮೆಂಟ್ಸ್, ಮಷಿನ್ ಶಾಪ್‌ಗಳಲ್ಲಿ ದುಡಿಯುವವರ ಬಾಡಿಗೆ ಮನೆಗಳಿಗೆ ಡಿಸೈನರ್ ಕಾಲಿಡುವುದಿಲ್ಲ, ಮೇಸ್ತ್ರಿಯೇ ಎಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ ಬಚ್ಚಲಿಗೆ ಕನಿಷ್ಠ 1.8 ಚದರ ಮೀಟರ್, ಶೌಚಾಲಯವೂ ಸೇರಿದರೆ 2.8 ಚದರ ಮೀಟರ್ ಜಾಗ ಕೇಳುತ್ತದೆ. ಅಷ್ಟೂ ಸಿಗದ ಬಚ್ಚಲುಗಳಲ್ಲಿ ಗ್ಯಾಸ್ ಗೀಸರ್ ನೇತಾಡುತ್ತಿರುತ್ತದೆ. ಗಾಳಿಯಾಡದ ಕಡೆ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರದ ಸುದ್ದಿ ಬೆಂಗಳೂರಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಆದರೂ ನವೀಕರಣದ ಹೆಸರಿನಲ್ಲಿ ಮೊದಲು ಕೀಳುವುದು ಗಾಜಿನ ಪಟ್ಟಿಗಳ ಹಳೆಯ ಕಿಟಕಿಯನ್ನೇ. ನೋಡಲು ಚೆನ್ನಾಗಿಲ್ಲವಂತೆ.

ಮತ್ತೆ ಅಪಾರ್ಟ್‌ಮೆಂಟಿಗೆ ಬಂದರೆ, ಊರಿನಿಂದ ಮಗಳ ಮನೆಗೆ ಬಂದಿರುವ ಅಜ್ಜಿಗೂ ಡಿಸೈನರ್ ಮಾಡಿಸಿದ ಬಚ್ಚಲೇ. ಹೊಳೆಯುವ ಟೈಲ್ಸ್ ಮೇಲೆ ಸೋಪಿನ ನೀರು ಬಿದ್ದರೆ ಎಪ್ಪತ್ತರ ಕಾಲು ನಿಲ್ಲುವುದಿಲ್ಲ. ಒರಟು ಮೈಯ ಟೈಲ್ಸ್, ಕಮೋಡ್ ಪಕ್ಕ ಹಿಡಿಕೆ, ಬಿದ್ದವರು ಅಡ್ಡವಾದರೂ ತೆರೆಯುವಂತೆ ಹೊರಕ್ಕೆ ತಿರುಗುವ ಬಾಗಿಲು: ಇವುಗಳಿಗೆ ತಗಲುವ ಹಣ ಎಲ್‌ಇಡಿ ಕನ್ನಡಿಯ ಬೆಲೆಗಿಂತ ಬಹಳ ಹೆಚ್ಚೇನಲ್ಲ. ನೀರು ತುಂಬುವ ಹಬ್ಬದಂದು ಹಂಡೆ ತೊಳೆದು ಸುಣ್ಣದ ಪಟ್ಟೆ ಬಳಿಯುವ ಮನೆಯಿಂದ ಬಂದವರು ಕೂತು ಎಣ್ಣೆ ಸ್ನಾನ ಮಾಡಲು ಒಂದು ಸಣ್ಣ ಕಟ್ಟೆ ಕೇಳುತ್ತಾರೆ. ಗಾಜಿನ ಪಾರ್ಟಿಷನ್ ಒಳಗೆ ಅದಕ್ಕೆ ಜಾಗ ಬಿಡುವುದು ಕಷ್ಟವಲ್ಲ, ಕೇಳಿಸಿಕೊಳ್ಳಬೇಕಷ್ಟೆ.

ಡಿಸೈನರ್‌ಗಳನ್ನೇ ದೂರಿ ಪ್ರಯೋಜನವಿಲ್ಲ. ಫೀಸು ಕೊಡಲು ಚೌಕಾಸಿ ಮಾಡಿ, ಟೈಲ್ಸ್ ಅಂಗಡಿಯಲ್ಲಿ ಮಾತ್ರ ಕೈ ಬಿಚ್ಚುವ ಗಿರಾಕಿಗಳೇ ಹೆಚ್ಚು. ಕೆಲಸದ ಹೊತ್ತಿನಲ್ಲಿ ಸೈಟಿಗೆ ಬಂದು ನಿಲ್ಲಲು ಹಣ ಕೊಡದೆ, ಸೋರಿದಾಗ ಫೋನ್ ಮಾಡಿ ಬೈದರೆ ನ್ಯಾಯವಲ್ಲ. ಸ್ಥಳ ಪರಿಶೀಲನೆಗೆ ಪ್ರತ್ಯೇಕ ಹಣ, ಪ್ರತಿ ಹಂತಕ್ಕೂ ಸಹಿ ಎಂಬ ಕರಾರಿದ್ದರೆ ಹೊಣೆಯೂ ತಾನಾಗಿ ಅವರ ಮೇಲೆ ಬರುತ್ತದೆ.

ಸರ್ಕಾರದ ಕಾನೂನಿಗೆ ಕಾಯದೆ ಇದನ್ನು ಮಾಡಿಸಬಲ್ಲವರು ಅಪಾರ್ಟ್‌ಮೆಂಟ್ ಸಂಘಗಳು. ನವೀಕರಣಕ್ಕೆ ಅನುಮತಿ ಕೊಡುವಾಗ ಡಿಪಾಸಿಟ್ ಎಷ್ಟು, ಲಿಫ್ಟ್ ಯಾವುದು, ಸುತ್ತಿಗೆ ಸದ್ದು ಎಷ್ಟು ಗಂಟೆಯವರೆಗೆ ಎಂದೆಲ್ಲ ಬರೆಯುತ್ತಾರೆ. ಅದೇ ಅರ್ಜಿಗೆ ನಾಲ್ಕು ಸಾಲು ಸೇರಿಸಲಿ. ಟೈಲ್ಸ್ ಮುಚ್ಚುವ ಮೊದಲು ಪೈಪುಗಳ ಫೋಟೊ, ನಕ್ಷೆ ಸಂಘದ ಕಡತಕ್ಕೆ ಬರಬೇಕು. ಎರಡು ದಿನ ನೀರು ನಿಲ್ಲಿಸಿದ ಪರೀಕ್ಷೆಗೆ ಕೆಳಗಿನ ಮನೆಯವರ ಸಹಿ ಬೇಕು. ಕಿಟಕಿ, ಎಕ್ಸಾಸ್ಟ್ ದಾರಿ ಮುಚ್ಚುವಂತಿಲ್ಲ. ಒಡೆದ ಅವಶೇಷ ಎಲ್ಲಿಗೆ ಹೋಯಿತೆಂಬುದಕ್ಕೆ ರಸೀದಿ ಬೇಕು. ಇಲ್ಲದಿದ್ದರೆ ಅದು ರಾತ್ರೋರಾತ್ರಿ ಕೆರೆಯಂಚಿಗೋ ರಾಜಕಾಲುವೆಗೋ ಬೀಳುತ್ತದೆ. ಇಷ್ಟೂ ಸಲ್ಲಿಕೆಯಾದ ಮೇಲಷ್ಟೇ ಡಿಪಾಸಿಟ್ ವಾಪಸ್ ಎಂದು ಮುಂದಿನ ಸರ್ವಸದಸ್ಯರ ಸಭೆಯಲ್ಲೇ ಠರಾವು ಮಾಡಬಹುದು.